ಏಳು ಜನರ ಮಂಡಿಯಲ್ಲಿ ಹೆರಿಗೆ ರಜೆ

ಶಿವಮೊಗ್ಗದ ಎಪಿಎಂಸಿ ಯಾರ್ಡಿನ ಒಂದು ಅಡಿಕೆ ಮಂಡಿಯಲ್ಲಿ, ಅಂದರೆ ರೈತರ ಅಡಿಕೆ ಮಾರಿಸಿಕೊಡುವ ಅಂಗಡಿಯಲ್ಲಿ, ನಾನು ಲೆಕ್ಕ ಬರೆಯುತ್ತೇನೆ. ತೂಕದ ಚೀಟಿ, ಟೆಂಡರ್ ಆದ ಮೇಲೆ ರೈತರಿಗೆ ಕೊಡುವ ಮಾರಾಟದ ಲೆಕ್ಕದ ಪಟ್ಟಿ, ಮುಂಗಡ ತಗೊಂಡವರ ಖಾತೆ, ಬ್ಯಾಂಕು, ಜಿಎಸ್‌ಟಿ ಎಲ್ಲ ನನ್ನ ಟೇಬಲ್ಲಿಗೇ ಬರುತ್ತದೆ. ನನ್ನನ್ನೂ ಸೇರಿಸಿ ಸಂಬಳಕ್ಕಿರುವವರು ಏಳು ಜನ. ಕಂಪ್ಯೂಟರ್ ಮುಂದೆ ಕೂರುವವಳು ನಾನೊಬ್ಬಳೇ. ಇಂಥ ಕಡೆ ಹೆರಿಗೆ ರಜೆ ಎಷ್ಟು ಸಿಗುತ್ತದೆ, ಯಾರನ್ನು ಕೇಳಬೇಕು, ಯಾವಾಗ ಕೇಳಬೇಕು ಅಂತ ಹೇಳುವವರು ನನಗೆ ಯಾರೂ ಸಿಗಲಿಲ್ಲ. ಬೆಂಗಳೂರಿನ ಕಂಪನಿಯಲ್ಲಿರುವ ನಾದಿನಿ "ಎಚ್‌ಆರ್‌ಗೆ ಒಂದು ಮೇಲ್ ಹಾಕಿದ್ರೆ ಆಯ್ತು ಅತ್ತಿಗೆ" ಅಂದಳು. ಅವಳು ಹೇಳಿದ್ದು ಅವಳ ಕಂಪನಿಯ ಮಟ್ಟಿಗೆ ಸರಿಯೇ. ನಮ್ಮಲ್ಲಿ ಸಂಬಳ ಕೊಡುವವರೂ, ರಜೆ ಕೊಡುವವರೂ, ಗಲ್ಲೆಯ ಮುಂದೆ ಕೂರುವವರೂ ಒಬ್ಬರೇ ಯಜಮಾನರು. ಹಾಗಾಗಿ ನಾನು ಹೋದ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಗಾಂಧಿ ಬಜಾರಿನ ಅಂಗಡಿಗಳಲ್ಲಿ, ದುರ್ಗಿಗುಡಿಯ ಆಡಿಟರ್ ಆಫೀಸುಗಳಲ್ಲಿ, ಸಣ್ಣ ಸಣ್ಣ ಪ್ರೆಸ್ಸುಗಳಲ್ಲಿ ನನ್ನ ಹಾಗೆ ಕೆಲಸ ಮಾಡುವವರು ಬಹಳ ಮಂದಿ ಇದ್ದೀರಿ ಅಂತ ಗೊತ್ತು.

ಡಾಕ್ಟರ್ ಕೊಟ್ಟ ತಾರೀಖು 2025ರ ಜನವರಿ ಕೊನೆಯ ವಾರ. ಅಡಿಕೆ ವ್ಯವಹಾರ ಗೊತ್ತಿರುವವರಿಗೆ ಇಷ್ಟು ಹೇಳಿದರೆ ಸಾಕು. ಮಲೆನಾಡಿನಲ್ಲಿ ನವರಾತ್ರಿ, ದೀಪಾವಳಿಯ ಹೊತ್ತಿಗೆ ಕೊನೆ (ಅಡಿಕೆ ಗೊನೆ) ಕೊಯ್ಲು ಶುರುವಾಗುತ್ತದೆ. ಸುಲಿದು, ಬೇಯಿಸಿ, ಒಣಗಿಸಿ ಹೊಸ ಅಡಿಕೆ ಮಂಡಿಗೆ ಬರುವುದು ಡಿಸೆಂಬರ್, ಜನವರಿಗೆ. ಅಲ್ಲಿಂದ ಬೇಸಿಗೆ ಮುಗಿಯುವ ತನಕ ಚೀಲ ಇಳಿಯುತ್ತಲೇ ಇರುತ್ತದೆ. ನಡುವೆ ಮಾರ್ಚ್ 31ರ ವರ್ಷದ ಲೆಕ್ಕ. ವರ್ಷದಲ್ಲಿ ಯಾವ ತಿಂಗಳು ನಾನು ಮಂಡಿಯಲ್ಲಿ ಇರಲೇಬೇಕೋ ಅದೇ ತಿಂಗಳು ನಾನು ಬಾಣಂತಿ. ಸುದ್ದಿ ಗೊತ್ತಾದ ದಿನ ಖುಷಿಯ ಜೊತೆಗೇ ಈ ಲೆಕ್ಕವೂ ತಲೆಗೆ ಬಂತು.

ನಮ್ಮ ಕಡೆ ಮೂರು ತಿಂಗಳು ತುಂಬುವ ತನಕ ಸುದ್ದಿ ಹೊರಗೆ ಹಾಕುವುದಿಲ್ಲ. ನಾನೂ ಮಂಡಿಯಲ್ಲಿ ಹೇಳಲಿಲ್ಲ. ಆದರೆ ನಮ್ಮ ಬೀದಿಯ ಆಶಾ ಕಾರ್ಯಕರ್ತೆಗೆ ಹೇಳಿ ತಾಯಿ ಕಾರ್ಡ್ ಮಾಡಿಸಿಕೊಂಡೆ. ಇದನ್ನು ತಡ ಮಾಡಬೇಡಿ. ಮುಂದೆ ಸರ್ಕಾರದ ಯಾವ ಹಣ ಬರಬೇಕಾದರೂ ಆ ಕಾರ್ಡೇ ಮೊದಲ ಕಾಗದ. ಮೂರು ತಿಂಗಳು ಸುಮ್ನೆ ಕೂರುವ ಬದಲು ಕಾನೂನು ಏನು ಹೇಳುತ್ತದೆ ಅಂತ ಓದಿದೆ. ಯಜಮಾನರ ಮುಂದೆ ಹೋಗಿ ನಿಂತಾಗ ನನಗೇ ಗೊತ್ತಿಲ್ಲದಿದ್ದರೆ ಅವರು ಹೇಳಿದ್ದಕ್ಕೆ ತಲೆಯಾಡಿಸಿ ಬರಬೇಕಾಗುತ್ತದೆ, ಅಲ್ವಾ?

1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆಯಿತು. ಮೊದಲು 12 ವಾರ ಇದ್ದ ಸಂಬಳ ಸಹಿತ ರಜೆ ಮೊದಲ ಎರಡು ಮಕ್ಕಳಿಗೆ 26 ವಾರ ಆಯಿತು. ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮೊದಲೇ ತಗೊಳ್ಳಬಹುದು. ಹೆರಿಗೆ ತಾರೀಖಿನ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. ಹೆರಿಗೆಯಾದ ಮೇಲೆ 6 ವಾರ ಕೆಲಸ ಮಾಡಿಸುವಂತಿಲ್ಲ. ಈ ರಜೆಯಲ್ಲಿ ಇದ್ದಾಗ ಕೆಲಸದಿಂದ ತೆಗೆಯುವಂತಿಲ್ಲ. ವಾಪಸ್ ಬಂದ ಮೇಲೆ ಮಗುವಿಗೆ 15 ತಿಂಗಳಾಗುವ ತನಕ ದಿನಕ್ಕೆ ಎರಡು ಸಲ ಹಾಲೂಡಿಸಲು ಬಿಡುವು ಕೊಡಬೇಕು. ಓದುತ್ತಾ ಹೋದ ಹಾಗೆ ಮನಸ್ಸು ಹಗುರವಾಗುತ್ತಿತ್ತು. ಆಮೇಲೆ ಆ ಸಾಲು ಬಂತು. ಅಂಗಡಿ, ಆಫೀಸುಗಳ ಮಟ್ಟಿಗೆ ಇದು ಅನ್ವಯಿಸುವುದು ಹತ್ತು ಅಥವಾ ಹೆಚ್ಚು ಜನ ಕೆಲಸಕ್ಕಿರುವ ಕಡೆ ಮಾತ್ರ. ಇಂದು ಹತ್ತು ಜನ ಇಲ್ಲದಿದ್ದರೂ ಹಿಂದಿನ 12 ತಿಂಗಳಲ್ಲಿ ಯಾವುದೋ ಒಂದು ದಿನ ಇದ್ದಿದ್ದರೆ ಸಾಕು.

ನಾನು ತಲೆ ಎಣಿಸಿದೆ. ಗುಮಾಸ್ತರು ಇಬ್ಬರು, ತೂಕಕ್ಕೆ ಒಬ್ಬರು, ಗೋದಾಮಿಗೆ ಇಬ್ಬರು, ಗುಡಿಸಿ ಒರೆಸಿ ಚೀಲ ಹೊಲಿಯುವ ಅಕ್ಕ ಒಬ್ಬರು, ನಾನು. ಹಮಾಲರನ್ನು ಸೇರಿಸಿದರೆ ಹತ್ತು ದಾಟುತ್ತಿತ್ತು. ಆದರೆ ಅವರು ನಮ್ಮೊಬ್ಬರ ಮಂಡಿಯ ನೌಕರರಲ್ಲ. ಯಾರ್ಡಿನಲ್ಲಿ ಹಲವು ಮಂಡಿಗಳಿಗೆ ಚೀಲಕ್ಕಿಷ್ಟು ಅಂತ ಕೂಲಿ ತಗೊಂಡು ಎತ್ತುವವರು. ವರ್ಷದ ಹಾಜರಿ ಪುಸ್ತಕ ಬರೆಯುವವಳೂ ನಾನೇ ಆದ್ದರಿಂದ ಹುಡುಕಾಡುವ ಕೆಲಸವೂ ಇರಲಿಲ್ಲ. ಏಳಕ್ಕಿಂತ ಜಾಸ್ತಿ ಯಾವತ್ತೂ ಆಗಿಲ್ಲ. ಕಾನೂನಿನ ಪ್ರಕಾರ ನನಗೆ ಹೆರಿಗೆ ರಜೆ ಇಲ್ಲ.

ಆ ದಿನ ನನಗೆ ನಿಜವಾಗಿ ಸಿಟ್ಟು ಬಂತು. ಈಗಲೂ ಬರುತ್ತದೆ. ಏಳು ಜನರ ಮಂಡಿಯಲ್ಲಿ ದುಡಿಯುವವಳ ಹೆರಿಗೆಗೆ ನೋವು ಕಡಿಮೆಯಾ? ಅವಳ ಮಗುವಿಗೆ ಹಾಲು ಕಡಿಮೆ ದಿನ ಸಾಕಾ? 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಹೆರಿಗೆ ರಜೆಯ ವಿಷಯ ಈಗ ಸಾಮಾಜಿಕ ಭದ್ರತಾ ಸಂಹಿತೆಯ ಒಳಗೆ ಬರುತ್ತದೆ. ಅಲ್ಲೂ 26 ವಾರ ಹಾಗೇ ಇದೆ, ಹತ್ತರ ಗೆರೆಯೂ ಹಾಗೇ ಇದೆ.

ನಿಮ್ಮಲ್ಲಿ ಹತ್ತು ಜನ ಇದ್ದರೆ ನಿಮ್ಮ ದಾರಿ ಬೇರೆ. ನನ್ನ ಗೆಳತಿಯದನ್ನೇ ಹೇಳುತ್ತೇನೆ. ಅವಳು ಗಾಂಧಿ ಬಜಾರಿನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಹತ್ತಕ್ಕಿಂತ ಜಾಸ್ತಿ ಜನ, ಎಲ್ಲರಿಗೂ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಇತ್ತು. ತಿಂಗಳ ಸಂಬಳ 21,000 ರೂಪಾಯಿ ಒಳಗಿರುವವರು ಅದಕ್ಕೆ ಸೇರುತ್ತಾರೆ. ನೌಕರರ ಸಂಬಳದಿಂದ ನೂರಕ್ಕೆ 75 ಪೈಸೆ, ಮಾಲೀಕರಿಂದ ನೂರಕ್ಕೆ 3 ರೂಪಾಯಿ 25 ಪೈಸೆ ಹೋಗುತ್ತದೆ. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ (ಒಂದೊಂದೂ ಆರು ತಿಂಗಳದ್ದು) 70 ದಿನದ ವಂತಿಗೆ ಇದ್ದರೆ 26 ವಾರದ ಪೂರ್ತಿ ಸಂಬಳವನ್ನು ಇಎಸ್‌ಐ ನಿಗಮವೇ ಕೊಡುತ್ತದೆ. ಅವಳ ಬ್ಯಾಂಕ್ ಖಾತೆಗೇ ಬಂತು. ಅಂಗಡಿಯ ಮಾಲೀಕರು ಅವಳ ಜಾಗಕ್ಕೆ ಇನ್ನೊಬ್ಬರನ್ನು ಇಟ್ಟುಕೊಂಡು ಅವರಿಗೆ ಮಾತ್ರ ಸಂಬಳ ಕೊಟ್ಟರು. ಯಾರಿಗೂ ಯಾರ ಮೇಲೂ ಬೇಜಾರಾಗಲಿಲ್ಲ. ಸಂಬಳದ ಚೀಟಿಯಲ್ಲಿ ಇಎಸ್‌ಐ ಕಡಿತ ಕಾಣುತ್ತಿದ್ದರೆ ನಿಮ್ಮ ನಂಬರ್ ಕೇಳಿ ಇಟ್ಟುಕೊಳ್ಳಿ. ಅಂಗಡಿ ಒಂದು ಸಲ ಇಎಸ್‌ಐ ಒಳಗೆ ಬಂದರೆ ಆಮೇಲೆ ಜನ ಹತ್ತಕ್ಕಿಂತ ಕಡಿಮೆಯಾದರೂ ಹೊರಗೆ ಹೋಗುವುದಿಲ್ಲ ಅನ್ನುವುದೂ ತಿಳಿದಿರಲಿ.

ಇದಕ್ಕೆ ಉಲ್ಟಾ ಆದದ್ದೂ ಗೊತ್ತು. ನಮ್ಮ ದೊಡ್ಡಪ್ಪನ ಮಗಳು ತೀರ್ಥಹಳ್ಳಿ ಕಡೆಯ ಒಂದು ಹೋಂಸ್ಟೇಯಲ್ಲಿ ಅಡುಗೆ ಮನೆ ನೋಡಿಕೊಳ್ಳುತ್ತಿದ್ದಳು. ಅಲ್ಲಿ ಹನ್ನೆರಡು ಮಂದಿ ಕೆಲಸಕ್ಕಿದ್ದರು, ಪುಸ್ತಕದಲ್ಲಿ ಒಂಬತ್ತು. ಏಳನೇ ತಿಂಗಳಿಗೆ "ಹೆರಿಗೆ ಮುಗಿಸ್ಕೊಂಡು ಬಾ, ಆಮೇಲೆ ನೋಡೋಣ" ಅಂದರು. ಅವಳು ಹೋದಳು. ಆಮೇಲೆ ಯಾರೂ ನೋಡಲಿಲ್ಲ. ಕಾರ್ಮಿಕ ನಿರೀಕ್ಷಕರ ಆಫೀಸಿಗೆ ಒಂದು ಅರ್ಜಿ ಕೊಡು ಅಂತ ನಾನು ಎಷ್ಟು ಹೇಳಿದರೂ ಕೈಗೂಸು ಇಟ್ಟುಕೊಂಡು ಓಡಾಡುವ ಧೈರ್ಯ ಅವಳಿಗೆ ಬರಲಿಲ್ಲ. ಅವಳನ್ನು ನೋಡಿಯೇ ನಾನು ಒಂದು ನಿರ್ಧಾರ ಮಾಡಿದ್ದು. ಮಾತು ಏನಿದ್ದರೂ ಹೊಟ್ಟೆ ಕಾಣುವ ಮೊದಲೇ ಆಗಬೇಕು, ಕಾಗದದ ಮೇಲೆ ಆಗಬೇಕು.

ನನ್ನ ಕೈಯಲ್ಲಿ ಇದ್ದ ಕಾನೂನು ಒಂದೇ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಅದಕ್ಕೆ ಹತ್ತು ಜನ ಬೇಕಿಲ್ಲ. 20 ದಿನ ಕೆಲಸಕ್ಕೆ ಒಂದು ದಿನ ಸಂಬಳ ಸಹಿತ ರಜೆ ಸೇರುತ್ತಾ ಹೋಗುತ್ತದೆ. ಅದಲ್ಲದೆ ವರ್ಷಕ್ಕೆ 12 ದಿನ ಕಾಯಿಲೆಗೋ ಬೇರೆ ತಕ್ಕ ಕಾರಣಕ್ಕೋ ಸಂಬಳದ ರಜೆ. ಮಂಡಿಯಲ್ಲಿ ಹಬ್ಬ, ಮದುವೆ ಬಿಟ್ಟರೆ ನಾನು ರಜೆ ಹಾಕಿದವಳಲ್ಲ. ಉಳಿದ ರಜೆ ಎಷ್ಟು ಅಂತ ಹಾಜರಿ ಪುಸ್ತಕದಿಂದ ತೆಗೆದು ಬರೆದುಕೊಂಡೆ.

ಯಜಮಾನರ ಹತ್ತಿರ ಮಾತಾಡಿದ್ದು ಆಗಸ್ಟಿನಲ್ಲಿ. ಮಳೆಗಾಲದಲ್ಲಿ ಯಾರ್ಡು ಖಾಲಿ ಖಾಲಿ. ಅವರಿಗೂ ಕೂತು ಕೇಳುವ ಪುರಸೊತ್ತು. ಬೇಕಂತಲೇ ಆ ಹೊತ್ತು ಆರಿಸಿಕೊಂಡೆ. ಅವರಿಗೆ ಅರವತ್ತು ದಾಟಿದೆ. ನನ್ನನ್ನು ಮಗಳ ಹಾಗೇ ಮಾತಾಡಿಸುತ್ತಾರೆ.

"ಅಯ್ಯೋ ಮಾರಾಯ್ತಿ, ಒಳ್ಳೇ ಸುದ್ದಿ" ಅಂದರು. ಪಕ್ಕದ ಹೋಟೆಲಿಂದ ಜಾಮೂನು ತರಿಸಿದರು. ಒಂದು ಗಳಿಗೆ ಬಿಟ್ಟು, "ಜನವರೀನಾ?" ಅಂದರು. ಮುಖ ಸ್ವಲ್ಪ ಸಣ್ಣದಾಯಿತು.

ಮೊದಲು ಅವರು ಹೇಳಿದ್ದು ಎರಡು ತಿಂಗಳು. "ಸಂಬಳ ಅಂತ ಅಲ್ಲ, ಬೇಕಾದಾಗ ಕೈಗಡ ತಗೋ, ನಿಧಾನಕ್ಕೆ ಮುರ್ಕೊಳ್ಳೋಣ" ಅಂದರು. ಅವರ ಮನಸ್ಸು ಕೆಟ್ಟದ್ದಲ್ಲ. ಅವರ ಕಣ್ಣಲ್ಲಿ ಅದು ಸಹಾಯ. ಆದರೆ ಸಾಲ ಮಾಡಿಕೊಂಡು ಬಾಣಂತನ ಮಾಡಿಸಿಕೊಳ್ಳುವುದು ನನಗೆ ಬೇಡವಾಗಿತ್ತು. "ಯಜಮಾನ್ರೇ, ಇನ್ನೂ ಮೂರು ಜನ ಜಾಸ್ತಿ ಇದ್ದಿದ್ರೆ ನಂಗೆ ಆರು ತಿಂಗಳು ಪೂರ್ತಿ ಸಂಬಳ ಕೊಡಬೇಕು ಅಂತ ಕಾನೂನಿದೆ" ಅಂದೆ. ಅವರಿಗೆ ಅದು ಗೊತ್ತಿರಲಿಲ್ಲ. ಹೆದರಿಸುವುದಕ್ಕೆ ಹೇಳಿದ್ದಲ್ಲ, ನಮಗೆ ಕಾನೂನು ತಾಗುವುದಿಲ್ಲ ಅಂತಲೂ ಅದೇ ಉಸಿರಿನಲ್ಲಿ ಹೇಳಿದೆ. ಸರ್ಕಾರ ಯಾವುದನ್ನು ನ್ಯಾಯ ಅಂತ ಒಪ್ಪಿದೆ ಅನ್ನುವುದು ಅವರಿಗೆ ತಿಳಿಯಬೇಕಿತ್ತು, ಅಷ್ಟೇ.

ಆಮೇಲೆ ನನ್ನ ಹಾಳೆ ತೆಗೆದೆ. ಜನವರಿಯಿಂದ ಮೇ ತನಕ ಮಂಡಿಯಲ್ಲಿ ತಿಂಗಳು ತಿಂಗಳು ಏನೇನು ಕೆಲಸ, ಅದನ್ನು ಯಾರು ಮಾಡಬಹುದು ಅಂತ ಬರೆದಿದ್ದೆ. ಪಟ್ಟಿ ಮತ್ತು ಖಾತೆಗೆ ಒಬ್ಬ ಅನುಭವಸ್ಥರು. ಟ್ಯಾಲಿ (ಕಂಪ್ಯೂಟರ್ ಲೆಕ್ಕ) ಮತ್ತು ಜಿಎಸ್‌ಟಿಗೆ ಮಧ್ಯಾಹ್ನದ ಮೇಲೆ ಬರುವ ಒಬ್ಬ ಬಿಕಾಂ ಹುಡುಗ. ಹಾಳೆ ನೋಡಿದ ಮೇಲೆಯೇ ಮಾತಿನ ಧಾಟಿ ಬದಲಾಯಿತು. ನನ್ನ ರಜೆಗಿಂತ ಜಾಸ್ತಿ ಅವರನ್ನು ಕಾಡುತ್ತಿದ್ದದ್ದು ಮಂಡಿ ನಿಂತುಹೋದರೆ ಅನ್ನುವ ಭಯ. ಆ ಭಯ ಅರ್ಧ ಇಳಿದ ಮೇಲೆ ಹಣದ ಮಾತು ಸುಲಭವಾಯಿತು.

ನನ್ನ ಸಂಬಳ ಆಗ 16,000. ನಾನು ಮೂರು ತಿಂಗಳು ಪೂರ್ತಿ, ಮುಂದಿನ ಒಂದೂವರೆ ತಿಂಗಳು ಅರ್ಧ ಕೇಳಿದೆ. ಅವರು ಮನೆಯಲ್ಲಿ ಮಾತಾಡಿ ಹೇಳುತ್ತೇನೆ ಅಂದರು. ಯಜಮಾನರ ಹೆಂಡತಿಗೆ ಲೆಕ್ಕದ ಮೇಲೆ ಒಳ್ಳೆ ಹಿಡಿತ ಇದೆ, ಕಷ್ಟವೂ ಗೊತ್ತು. ಕೊನೆಗೆ ಕೂಡಿಬಂದದ್ದು ಹೀಗೆ: ಜನವರಿ ಮಧ್ಯದಿಂದ ನಾಲ್ಕೂವರೆ ತಿಂಗಳ ರಜೆ. ಮೊದಲ ಎರಡು ತಿಂಗಳು ಪೂರ್ತಿ ಸಂಬಳ, ಮುಂದಿನ ಎರಡು ತಿಂಗಳು ಅರ್ಧ. ಕೊನೆಯ ಹದಿನೈದು ದಿನಕ್ಕೆ ನನ್ನ ಉಳಿಕೆ ರಜೆ. ಜೂನ್ 1ಕ್ಕೆ ವಾಪಸ್. ಮೊದಲ ತಿಂಗಳು ಮಧ್ಯಾಹ್ನ ಮೂರಕ್ಕೆ ಮನೆಗೆ. ದೀಪಾವಳಿ ಬೋನಸ್ಸಿನಲ್ಲಿ ಕಡಿತ ಇಲ್ಲ. ರಜೆಯ ಹಣ 48,000 ಆಯಿತು, ಉಳಿಕೆ ರಜೆಯದ್ದು ಬೇರೆ. ಹತ್ತು ಜನರ ಕಡೆ ಆಗಿದ್ದರೆ ಇದರ ಎರಡರಷ್ಟು ಬರುತ್ತಿತ್ತು. ಇನ್ನೊಂದು ಕಡೆಯಿಂದ ನೋಡಿದರೆ ಬದಲಿ ಜನಕ್ಕೂ ಅವರು ಕೈಯಿಂದ ಕೊಡಬೇಕು. ಸಣ್ಣ ಮಾಲೀಕರಿಗೆ ಅದು ಭಾರ, ನಾನೇ ಅವರ ಲೆಕ್ಕ ಬರೆಯುವವಳು, ಇಲ್ಲ ಅನ್ನಲಾರೆ. ಇಎಸ್‌ಐ ಥರದ ಒಂದು ನಿಧಿ ಇಬ್ಬರು ಮೂವರು ಇರುವ ಅಂಗಡಿಗೂ ಸಿಗಬೇಕು. ಹೆಂಗಸರನ್ನು ಕೆಲಸಕ್ಕೆ ಇಟ್ಟುಕೊಳ್ಳಲು ಹಿಂಜರಿಯುವುದೂ ಆಗ ಕಡಿಮೆಯಾಗುತ್ತದೆ.

ಕಾಗದ ಅಂದಾಗ ಮಾತ್ರ ಅವರಿಗೆ ಬೇಜಾರಾಯಿತು. "ನಮ್ ನಮ್ಮೊಳಗೆ ಕಾಗದ ಯಾಕಮ್ಮ?" ಅಂದರು. "ರೈತರಿಗೆ ಮುಂಗಡ ಕೊಡುವಾಗ ನಾವು ಚೀಟಿ ಬರೆಯಲ್ವಾ ಯಜಮಾನ್ರೇ? ಇಪ್ಪತ್ತು ವರ್ಷದ ಗಿರಾಕಿಗೂ ಬರೀತೀವಿ" ಅಂದೆ. ಮುಂದೆ ಏನೂ ಹೇಳಲಿಲ್ಲ, ಕನ್ನಡಕ ಹಾಕಿಕೊಂಡು ಓದಿದರು. ಬರೆದದ್ದು ಉದ್ದ ಇರಲಿಲ್ಲ. ರಜೆ ಶುರು ಮತ್ತು ಮುಗಿಯುವ ತಾರೀಖು. ಹೆರಿಗೆ ಮುಂಚೆ ಆದರೆ ರಜೆಯೂ ಆ ದಿನದಿಂದಲೇ. ಯಾವ ತಿಂಗಳು ಎಷ್ಟು ಹಣ, ಯಾವ ತಾರೀಖಿನ ಒಳಗೆ. ಬದಲಿಗೆ ಬರುವವರು ಆ ಅವಧಿಗೆ ಮಾತ್ರ. ವಾಪಸ್ ಬಂದಾಗ ಇದೇ ಕೆಲಸ, ಇದೇ ಸಂಬಳ. ಮಗುವಿಗೆ 15 ತಿಂಗಳಾಗುವ ತನಕ ಮಧ್ಯಾಹ್ನ ಒಂದು ಗಂಟೆ ಬಿಡುವು. ಈ ಕೊನೆಯ ಸಾಲನ್ನು ಕಾಯ್ದೆಯಿಂದಲೇ ಎತ್ತಿಕೊಂಡೆ, ಎರಡು ಬಿಡುವಿನ ಜಾಗದಲ್ಲಿ ಒಂದು ಮಾಡಿ. ಇಬ್ಬರೂ ಸಹಿ ಹಾಕಿದೆವು, ಮಂಡಿಯ ಸೀಲು ಬಿತ್ತು, ಒಂದು ಪ್ರತಿ ನನಗೆ.

ಬದಲಿಯವರ ಸಾಲು ನನಗೆ ಬಹಳ ಮುಖ್ಯವಾಗಿತ್ತು. ಕೂತವರು ಅಲ್ಲೇ ಉಳಿದುಬಿಟ್ಟರೆ? ಎಷ್ಟೋ ರಾತ್ರಿ ಇದೇ ಯೋಚನೆ. ನನಗಿಂತ ಕಡಿಮೆ ಸಂಬಳಕ್ಕೆ ಯಾರಾದರೂ ಚೆನ್ನಾಗಿ ಮಾಡಿಬಿಟ್ಟರೆ ಯಾರಿಗೇ ಆಗಲಿ ಆಸೆ ಬರುತ್ತದೆ. ಆದರೂ ಅವರಿಗೆ ಕಲಿಸುವುದರಲ್ಲಿ ನಾನು ಏನನ್ನೂ ಹಿಂದೆ ಇಟ್ಟುಕೊಳ್ಳಲಿಲ್ಲ. ಮಂಡಿ ಸರಿಯಾಗಿ ನಡೆದರೆ ಮಾತ್ರ ನನ್ನ ಮನೆಗೆ ಫೋನು ಬರುವುದಿಲ್ಲ ಅನ್ನುವುದು ಗೊತ್ತಿತ್ತು. ಖಾತೆಗೆ ಸಿಕ್ಕಿದವರು ಸಹಕಾರ ಸಂಘವೊಂದರಲ್ಲಿ ಕಾರ್ಯದರ್ಶಿಯಾಗಿ ರಿಟೈರ್ ಆದ ಹಿರಿಯರು. ಅವರ ಲೆಕ್ಕದಲ್ಲಿ ಒಂದು ಪೈಸೆ ಆಚೆ ಈಚೆ ಆಗುತ್ತಿರಲಿಲ್ಲ, ಮೌಸ್ ಮಾತ್ರ ಮುಟ್ಟುತ್ತಿರಲಿಲ್ಲ.

ದಸರಾ ಮುಗಿದ ಮೇಲೆ ಒಂದು ನೋಟ್‌ಬುಕ್ ಶುರು ಮಾಡಿದೆ. ಬರೆಯುತ್ತಾ ಹೋದಾಗ ಗೊತ್ತಾಯಿತು, ಮಂಡಿಯ ಅರ್ಧ ಕೆಲಸ ನನ್ನ ತಲೆಯಲ್ಲೇ ಇತ್ತು. ಒಂದೇ ಹೆಸರು, ಒಂದೇ ಇನಿಷಿಯಲ್ಲಿನ ರೈತರು ಮೂವರಿದ್ದಾರೆ, ಒಬ್ಬರು ಕುಂಸಿಯವರು, ಒಬ್ಬರು ಆಯನೂರಿನವರು, ಇನ್ನೊಬ್ಬರು ಹಣಗೆರೆ ಕಡೆಯವರು. ನನಗೆ ದನಿ ಕೇಳಿದರೆ ಯಾರು ಅಂತ ತಿಳಿಯುತ್ತದೆ. ಬೇರೆಯವರು ಒಬ್ಬರ ಹಣ ಇನ್ನೊಬ್ಬರ ಖಾತೆಗೆ ಹಾಕಿದರೆ? ಒಬ್ಬ ಅಜ್ಜನಿಗೆ ಪಟ್ಟಿಯನ್ನು ಓದಿ ಹೇಳಬೇಕು, ಕೈಗೆ ಕೊಟ್ಟರೆ ಸಾಲದು. ಇನ್ನೊಬ್ಬರ ಮನೆಯಲ್ಲಿ ಅಣ್ಣ ತಮ್ಮಂದಿರ ಪಾಲಾಗಿದೆ, ಮುಂಗಡ ಯಾರ ಪಾಲಿಗೆ ಮುರಿಯಬೇಕು ಅಂತ ಕೇಳಿಯೇ ಬರೆಯಬೇಕು. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಬೇರೆ ಬೇರೆ ಬಗೆಯ ಅಡಿಕೆ ಒಟ್ಟಿಗೆ ತಂದವರಿಗೆ ಪಟ್ಟಿ ಬೇರೆ ಬೇರೆ ಮಾಡಬೇಕು. ಇದೆಲ್ಲ ಊರಿನ ಹೆಸರಿನ ಕೆಳಗೆ ಬರೆದಿಟ್ಟೆ.

ಅದಕ್ಕಿಂತ ತಲೆನೋವಿನದು ಓಟಿಪಿ. ಬ್ಯಾಂಕಿನದು, ಮಾಲು ಸಾಗಿಸಲು ಮಾಡುವ ಇ-ವೇ ಬಿಲ್ಲಿನದು, ಜಿಎಸ್‌ಟಿಯದು ಎಲ್ಲ ನನ್ನ ಮೊಬೈಲಿಗೇ ಬರುತ್ತಿತ್ತು. ಯಾವಾಗಲೋ ಅನುಕೂಲಕ್ಕೆ ಹಾಗೆ ಮಾಡಿಟ್ಟದ್ದು. ಹೆರಿಗೆ ಕೋಣೆಯಲ್ಲಿ ಮಲಗಿದ್ದಾಗ ಓಟಿಪಿ ಕೇಳಿದರೆ ಹೇಗೆ? ಡಿಸೆಂಬರ್ ಒಳಗೆ ಎಲ್ಲವನ್ನೂ ಯಜಮಾನರ ನಂಬರಿಗೆ ಬದಲಾಯಿಸಿದೆವು. ಪ್ರತಿ ತಿಂಗಳು 11ಕ್ಕೆ ಮಾರಾಟದ ರಿಟರ್ನ್, 20ಕ್ಕೆ ತೆರಿಗೆ ಕಟ್ಟುವ ರಿಟರ್ನ್ ಅಂತ ಗೋಡೆ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದೆ. ಡಿಸೆಂಬರಿನಲ್ಲಿ ಹಾಕಬೇಕಾದ ಎರಡೂ ರಿಟರ್ನ್ ಆ ಬಿಕಾಂ ಹುಡುಗನ ಕೈಯಲ್ಲೇ ಮಾಡಿಸಿ ನಾನು ಪಕ್ಕದಲ್ಲಿ ಕೂತಿದ್ದೆ.

ಮಂಡಿಯದು ಹೀಗೆ ಒಂದು ದಾರಿಗೆ ಬಂತು. ಮನೆಯದು ಇನ್ನೂ ಕಷ್ಟ ಇತ್ತು.

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಅನ್ನುವುದು ನಮ್ಮಲ್ಲಿ ಪದ್ಧತಿ. ಏಳನೇ ತಿಂಗಳ ಸೀಮಂತ ಮುಗಿಸಿ ಕರೆದುಕೊಂಡು ಹೋಗುತ್ತಾರೆ. ನನ್ನ ತವರು ಹೊಸನಗರ ತಾಲೂಕಿನ ನಗರ ಅನ್ನುವ ಊರಿನ ಕಡೆ. ಶಿವಮೊಗ್ಗದಿಂದ ಎರಡು ಗಂಟೆಗೂ ಜಾಸ್ತಿ ದಾರಿ. ಏಳನೇ ತಿಂಗಳಿಗೇ ಹೋದರೆ ರಜೆಯ ಬಹುಪಾಲು ಮಗು ಹುಟ್ಟುವ ಮೊದಲೇ ಮುಗಿಯುತ್ತದೆ. ನನಗೆ ಸಿಕ್ಕಿದ್ದು ನಾಲ್ಕೂವರೆ ತಿಂಗಳು, ಅದರ ಒಂದೊಂದು ವಾರವೂ ಮಗುವಿನ ಜೊತೆಗೆ ಬೇಕು. ಇನ್ನೊಂದು ವಿಷಯ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಜನವರಿಯಲ್ಲಿ ತವರಲ್ಲೂ ಅಡಿಕೆಯೇ. ಅಂಗಳ ತುಂಬ ಕೊನೆ, ರಾತ್ರಿ ತನಕ ಸುಲಿಯುವವರು, ಬೇಯಿಸುವ ಹಂಡೆಯ ಒಲೆ ಆರುವುದೇ ಇಲ್ಲ. ಕೆಲಸದವರಿಗೆ ಎರಡು ಹೊತ್ತಿನ ಊಟ, ಮೂರು ಸಲ ಕಾಫಿ ಅಮ್ಮನೇ ಮಾಡಬೇಕು. ಅದರ ಮೇಲೆ ಬಾಣಂತಿಗೆ ಎಣ್ಣೆ ನೀರು, ಮಗುವಿನ ಸ್ನಾನ, ಪಥ್ಯದ ಅಡುಗೆ. ಅಮ್ಮ "ನಂಗೇನೂ ಕಷ್ಟ ಇಲ್ಲ ಬಾ" ಅಂದಳು. ಅವಳ ಸೊಂಟನೋವು ನನಗೆ ಗೊತ್ತಿಲ್ಲವಾ?

ಅಪ್ಪ, ಅತ್ತೆ, ಚಿಕ್ಕಮ್ಮ ಎಲ್ಲರನ್ನೂ ಕೂರಿಸಿಕೊಂಡು ಮಾತಾಡಿದೆ. ಅತ್ತೆಯವರಿಗೆ ಮೊದಲು ಒಪ್ಪಿಗೆಯಾಗಲಿಲ್ಲ, ಜನ ಏನಂದುಕೊಳ್ಳುತ್ತಾರೋ ಅಂತ. ಕೊನೆಗೆ ಸೀಮಂತ ತವರಲ್ಲೇ ಆಯಿತು, ಹಸಿರು ಬಳೆ ತೊಡಿಸಿಕೊಂಡು ಎರಡು ದಿನ ಇದ್ದು ಶಿವಮೊಗ್ಗಕ್ಕೆ ವಾಪಸ್ ಬಂದೆ. ಹೆರಿಗೆ ಶಿವಮೊಗ್ಗದಲ್ಲೇ, ಮೆಗ್ಗಾನ್ ಆಸ್ಪತ್ರೆ ಹತ್ತಿರ ಇರುವಾಗ ಅಷ್ಟು ದೂರ ಹೋಗುವ ಅಗತ್ಯ ಇರಲಿಲ್ಲ. ಮೊದಲ ಒಂದೂವರೆ ತಿಂಗಳು ಚಿಕ್ಕಮ್ಮ ನಮ್ಮ ವಿನೋಬನಗರದ ಮನೆಗೆ ಬಂದು ಇರುವುದು. ಮಾರ್ಚಿನಲ್ಲಿ ತವರಿನ ಸುಲಿತ ಮುಗಿದ ಮೇಲೆ ನಾನು ಮಗುವನ್ನು ಕರೆದುಕೊಂಡು ನಗರಕ್ಕೆ ಹೋಗಿ ಎರಡು ತಿಂಗಳು ಅಮ್ಮನ ಹತ್ತಿರ ಇರುವುದು. ರಜೆ ಯೋಜನೆ ಅಂದರೆ ಆಫೀಸಿನದ್ದು ಮಾತ್ರ ಅಂದುಕೊಂಡವರಿಗೆ ಇದನ್ನು ಹೇಳಬೇಕು. ಮಲೆನಾಡಿನ ಮನೆಗಳಲ್ಲಿ ಅಮ್ಮಂದಿರಿಗೂ ಸುಗ್ಗಿ ಇರುತ್ತದೆ. ಅವರ ದಿನಗಳನ್ನೂ ಕೇಳಿಕೊಂಡು ತಾರೀಖು ಹಾಕಬೇಕು.

ನಮ್ಮವರು ಮಾಚೇನಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಪಾಳಿ ಮೇಲೆ ಕೆಲಸ ಮಾಡುತ್ತಾರೆ. ಖಾಸಗಿಯವರಲ್ಲಿ ಅಪ್ಪಂದಿರಿಗೆ ರಜೆ ಕೊಡಬೇಕು ಅನ್ನುವ ಕಾನೂನೇ ಇಲ್ಲ. ತಮ್ಮ ರಜೆಗಳನ್ನು ಕೂಡಿಸಿ ಒಂದು ವಾರ ಮನೆಯಲ್ಲಿದ್ದರು, ಆಮೇಲೆ ರಾತ್ರಿ ಪಾಳಿ ಕೇಳಿ ಹಾಕಿಸಿಕೊಂಡರು.

ಮಗಳು ಹೇಳಿದ ದಿನಕ್ಕಿಂತ ಸ್ವಲ್ಪ ಮುಂಚೆಯೇ ಬಂದಳು. ನಾರ್ಮಲ್ ಹೆರಿಗೆ. ಮೊದಲ ಆರು ವಾರ ಮಂಡಿಯಿಂದ ಒಂದು ಫೋನೂ ಬರಬಾರದು ಅಂತ ಮೊದಲೇ ಮಾತಾಗಿತ್ತು. ಆರು ವಾರ ಅನ್ನುವುದನ್ನು ಕಾಯ್ದೆ ನೋಡಿಯೇ ಇಟ್ಟುಕೊಂಡದ್ದು. ಮಂಡಿಯವರು ಮಾತು ಉಳಿಸಿಕೊಂಡರು. ನಾನು ರಜೆಯಲ್ಲಿರುವುದು ಗೊತ್ತಿಲ್ಲದ ರೈತರೊಬ್ಬರು ಮಾತ್ರ ಫೋನ್ ಮಾಡಿ "ತಂಗೀ, ನಂದು ಎಷ್ಟು ಮುರ್ದೋಯ್ತು, ಎಷ್ಟು ಉಳೀತು?" ಅಂತ ಶುರು ಮಾಡಿದರು. ನಾನು ಬಾಯಿ ತೆಗೆಯುವ ಮೊದಲೇ ಚಿಕ್ಕಮ್ಮ ಫೋನು ಕಿತ್ತುಕೊಂಡು, "ಅವಳು ಬಾಣಂತಿ ಕಣಣ್ಣ, ಮಂಡಿಲೇ ಕೇಳ್ಕೊ" ಅಂದರು. ಆ ರೈತರು ಪಾಪ, ಮಾರನೇ ವಾರ ಮಂಡಿಯ ಹುಡುಗನ ಕೈಯಲ್ಲಿ ಒಂದು ಬಾಟಲಿ ಜೇನುತುಪ್ಪ ಕಳಿಸಿದ್ದರು. ಆರು ವಾರದ ನಂತರ ದಿನಕ್ಕೆ ಒಂದು ಸಲ, ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡರ ಒಳಗೆ, ಆ ಹಿರಿಯರು ಮಾತ್ರ ಫೋನ್ ಮಾಡುತ್ತಿದ್ದರು. ಎಲ್ಲ ಪ್ರಶ್ನೆ ಬರೆದಿಟ್ಟುಕೊಂಡೇ ಮಾಡುತ್ತಿದ್ದರು.

ಕಾಗದ ಕೆಲಸಕ್ಕೆ ಬಂದದ್ದು ಏಪ್ರಿಲ್‌ನಲ್ಲಿ. ಅರ್ಧ ಸಂಬಳ ಹೇಳಿದ ತಾರೀಖಿಗೆ ಬರಲಿಲ್ಲ. ವರ್ಷದ ಕೊನೆ, ಹಣ ಎಲ್ಲ ಮುಂಗಡದಲ್ಲಿ ಹೊರಗೆ ಹೋಗಿತ್ತು. ನಾನು ಜಗಳಕ್ಕೆ ಹೋಗಲಿಲ್ಲ. ಸಹಿ ಹಾಕಿದ ಕಾಗದದ ಫೋಟೋ ಯಜಮಾನರ ಹೆಂಡತಿಗೆ ಕಳಿಸಿ, "ಅಮ್ಮಾ, ಈ ತಿಂಗಳದ್ದು ಬಂದಿಲ್ಲ, ಒಂದು ಸಲ ನೆನಪು ಮಾಡ್ತೀರಾ" ಅಂತ ಬರೆದೆ. ಎರಡು ದಿನದಲ್ಲಿ ಹಣ ಬಂತು. ಬರೀ ಬಾಯಿಮಾತಾಗಿದ್ದರೆ ಅರ್ಧ ಅಂದಿದ್ದೆವಾ, ಅಲ್ಲವಾ ಅಂತಲೇ ಮಾತು ಬೆಳೆಯುತ್ತಿತ್ತು.

ಸರ್ಕಾರದ ಹಣದ ಬಗ್ಗೆಯೂ ಹೇಳಿಬಿಡುತ್ತೇನೆ. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ, 3,000 ಮತ್ತು 2,000 ಅಂತ ಎರಡು ಕಂತು. ಎರಡನೇ ಮಗು ಹೆಣ್ಣಾದರೆ 6,000. ಸರ್ಕಾರಿ ನೌಕರರಿಗೆ, ಬೇರೆ ಕಾನೂನಿನಲ್ಲಿ ಇಂಥದೇ ಸೌಲಭ್ಯ ಸಿಗುವವರಿಗೆ ಇದು ಇಲ್ಲ. ನನ್ನಂಥವರಿಗೆ ಯಾವ ಕಾನೂನೂ ಕೊಡದ ಕಾರಣ ಇದು ಸಿಗುತ್ತದೆ. ಬಿಪಿಎಲ್ ಕಾರ್ಡ್ ಅಥವಾ 8 ಲಕ್ಷದ ಒಳಗಿನ ಆದಾಯದ ಪತ್ರ, ಹೀಗೆ ಯಾವುದಾದರೂ ಒಂದು ಆಧಾರ ಬೇಕು. ಅಂಗನವಾಡಿ ಟೀಚರ್ರೇ ಅರ್ಜಿ ಹಾಕಿಕೊಟ್ಟರು. ಹಣ ಬೀಳುವುದು ಆಧಾರ್ ಜೋಡಿಸಿದ ಖಾತೆಗೆ. ಮದುವೆಗೆ ಮುಂಚಿನ ಖಾತೆ ಜೋಡಣೆಯಾಗಿದ್ದರೆ ಅಲ್ಲಿಗೇ ಹೋಗುತ್ತದೆ, ಮೊದಲೇ ಬ್ಯಾಂಕಿನಲ್ಲಿ ಕೇಳಿ ನೋಡಿ. ಎರಡನೇ ಕಂತಿಗೆ ಮಗುವಿನ ಜನನ ನೋಂದಣಿ ಮತ್ತು ಮೊದಲ ಸುತ್ತಿನ ಲಸಿಕೆ ಆಗಿರಬೇಕು. 5,000 ದೊಡ್ಡ ಹಣವಲ್ಲ, ಆದರೆ ಅರ್ಧ ಸಂಬಳದ ತಿಂಗಳಲ್ಲಿ ಅದರ ಬೆಲೆ ನನಗೆ ಗೊತ್ತು.

ಜೂನಿಗೆ ಮಂಡಿಗೆ ವಾಪಸ್ ಬಂದೆ. ಮಗಳಿಗೆ ಆಗ ನಾಲ್ಕು ತಿಂಗಳು. ಆರು ತಿಂಗಳು ತುಂಬುವ ತನಕ ತಾಯಿ ಹಾಲು ಬಿಟ್ಟು ಬೇರೆ ಏನೂ ಬೇಡ ಅಂತ ಡಾಕ್ಟರ್ ಹೇಳಿದ್ದರು. ಬೆಳಿಗ್ಗೆ ಹಾಲು ಹಿಂಡಿ ಫ್ರಿಜ್ಜಿನಲ್ಲಿ ಇಟ್ಟು ಬರುತ್ತಿದ್ದೆ. ಹೊರಗಿಟ್ಟರೆ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನದ ತನಕ ಇಡಬಹುದು. ಅತ್ತೆಯವರಿಗೆ ಮೊದಲು ಹಿಂಜರಿಕೆ ಇತ್ತು, ಒಂದು ವಾರದಲ್ಲಿ ಅವರೇ ಬಟ್ಟಲು, ಚಮಚ ಕುದಿಸಿಟ್ಟು ಕುಡಿಸುವುದರಲ್ಲಿ ಪಳಗಿದರು. ಮನೆಗೂ ಯಾರ್ಡಿಗೂ ದೂರ ಇಲ್ಲದ್ದರಿಂದ ಮಧ್ಯಾಹ್ನದ ಒಂದು ಗಂಟೆಯಲ್ಲಿ ಹೋಗಿ ಹಾಲೂಡಿಸಿ ಬರುವುದಾಗುತ್ತಿತ್ತು. ಮೊದಲ ದಿನಗಳಲ್ಲಿ ಗುಮಾಸ್ತರೊಬ್ಬರು ಗಡಿಯಾರ ನೋಡುತ್ತಿದ್ದರು. ಯಜಮಾನರೇ "ಅದು ಮಾತಾಗಿರೋದು" ಅಂದ ಮೇಲೆ ನಿಂತಿತು. ಖಾತೆಗಳು ಬಹುಮಟ್ಟಿಗೆ ಸರಿ ಇದ್ದವು. ಒಂದೇ ಹೆಸರಿನ ಮೂವರದೂ ಸರಿ ಇತ್ತು.

ಈಗ ಮಂಡಿಯಲ್ಲಿ ಚೀಲ ಹೊಲಿಯುವ ಅಕ್ಕ ಬಸುರಿ. ಎರಡನೆಯದು. ಏಪ್ರಿಲ್‌ಗೆ ತಾರೀಖು ಕೊಟ್ಟಿದ್ದಾರೆ. ಅವರಿಗೆ ದಿನಗೂಲಿ, ಬಂದ ದಿನಕ್ಕೆ ಮಾತ್ರ ಹಣ. ಕೂತು ಏಳುವ, ಭಾರ ಎಳೆಯುವ ಕೆಲಸ ನನ್ನದಕ್ಕಿಂತ ಎಷ್ಟೋ ಕಷ್ಟದ್ದು. ತಾಯಿ ಕಾರ್ಡ್ ಮಾಡಿಸಿದ್ದೇವೆ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ, ಆ ದಿನ ಅವರ ಕೂಲಿ ಕತ್ತರಿಸಬಾರದು ಅಂತ ಕೇಳಿ ಒಪ್ಪಿಸಿದ್ದೇನೆ. ಹೆರಿಗೆಯಾದ ಮೇಲೆ ಆರು ವಾರದ ಕೂಲಿ ಕೊಡಿ, ಕಡೆಯ ಎರಡು ತಿಂಗಳು ಗೋದಾಮಿನ ಬದಲು ಚೀಟಿ ಜೋಡಿಸುವ ಕೆಲಸ ಕೊಡಿ ಅಂತಲೂ ಕೇಳಿದೆ. "ಸುಗ್ಗಿ ಮುಗೀಲಿ, ನೋಡೋಣ" ಅಂದರು ಯಜಮಾನರು. ಸುಗ್ಗಿ ಮುಗಿಯುವ ಹೊತ್ತಿಗೆ ಅವರ ಹೆರಿಗೆಯೇ ಆಗಿರುತ್ತದೆ. ಅವರ ಹೆಸರು, ತಾರೀಖು, ಮೊತ್ತ ಎಲ್ಲ ಹಾಕಿ ಕಾಗದ ಬರೆದಿಟ್ಟಿದ್ದೇನೆ. ಈ ವಾರವೇ ಯಜಮಾನರು, ಅವರ ಹೆಂಡತಿ ಇಬ್ಬರೂ ಇರುವಾಗ ಕೇಳುತ್ತೇನೆ.